ಪೂಜೆಗೆ ಕೂತ ಕಂಪ್ಯೂಟರ್ ಮತ್ತು ನನ್ನ ಕೈಗುಣ

ನನ್ನ ಕೈಗುಣ ಸರಿಯಿಲ್ಲ ಎಂದು ಬೆಟಗೇರಿಯ ಒಂದು ಜವಳಿ ಅಂಗಡಿಯಲ್ಲಿ, ಮಹಾನವಮಿಯ ದಿನ, ತುಂಬಿದ ಮಂದಿಯ ಎದುರು ಹೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆ, ನನಗೂ ಬೈಯಲು ಬರುತ್ತದೆ. ಆದರೆ ಕೈಗುಣದ ಮಾತಿಗೆ ತಿರುಗಿ ಏನೂ ಹೇಳಲು ಬರುವುದಿಲ್ಲ. ಅದು ನಮ್ಮ ಕಡೆಯ ಪೇಟೆಗಳಲ್ಲಿ ನಮಗಿಂತ ಮೊದಲು ಬಸ್ಸು ಹತ್ತಿ ಹೋಗಿ, ನಾವು ಇಳಿಯುವ ಹೊತ್ತಿಗೆ ಅಂಗಡಿಯ ಗಾದಿಯ ಮೇಲೆ ಕೂತಿರುತ್ತದೆ.

ನಾನು ಕುರ್ತಕೋಟಿಯವಳು. ಎರೆ ಹೊಲದ ಒಕ್ಕಲುತನದ ಮನೆ. ದಿನಾ ಬಸ್ಸಿನಲ್ಲಿ ಗದಗಿಗೆ ಬಂದು ಕಂಪ್ಯೂಟರ್ ಕಲಿತೆ. ಆಮೇಲೆ ಅಂಗಡಿಗಳಿಗೆ ಬಿಲ್ಲು ತೆಗೆಯುವ, ದಾಸ್ತಾನು ನೋಡಿಕೊಳ್ಳುವ ಪ್ರೋಗ್ರಾಮು ಬರೆದುಕೊಡುವ ಕೆಲಸ ಹಿಡಿದೆ. ಲಕ್ಷ್ಮೇಶ್ವರದಲ್ಲಿ ಒಂದು ಕಾಳಿನ ಅಂಗಡಿ, ಶಿರಹಟ್ಟಿಯಲ್ಲಿ ಒಂದು ಔಷಧದ ಅಂಗಡಿ, ಮುಂಡರಗಿಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ, ಬೆಟಗೇರಿಯಲ್ಲಿ ಈ ಜವಳಿ ಅಂಗಡಿ. ಇವಿಷ್ಟರಿಂದ ನನ್ನ ಮನೆಯ ಒಲೆ ಉರಿಯುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಈ ಕೆಲಸಗಳು ಸಿಕ್ಕಿದ್ದವು. ಹೋದದ್ದೂ ಹಾಗೆಯೇ.

ಜವಳಿ ಅಂಗಡಿಯಲ್ಲಿ ಸೀರೆಗಳ ಮೇಲೆ ಬೆಲೆ ಬರೆದಿರುವುದಿಲ್ಲ, ಕಪ್ಪು ಗೆರೆಗಳ ಚೀಟಿ ಮಾತ್ರ ಅಂಟಿಸಿರುತ್ತದೆ. ಬೆಲೆ, ಬಣ್ಣ, ಯಾವ ಕಪಾಟು ಎಂಬುದೆಲ್ಲ ಒಳಕೋಣೆಯ ಕಂಪ್ಯೂಟರಿನ ಡಾಟಾಬೇಸಿನಲ್ಲಿ. ನಾನು ಬರೆದ ಪ್ರೋಗ್ರಾಮು ಅದನ್ನು ಓದಿ ಬಿಲ್ಲು ಕೊಡುತ್ತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಟೂಲ್ ಹಾಕಿದ್ದೆ. ಬ್ರೌಸರಿನಲ್ಲಿ ತೆರೆಯುವಂಥದ್ದು, ಎಲ್ಲರಿಗೂ ಪುಕ್ಕಟೆ ಸಿಗುವಂಥದ್ದು. ಡಾಟಾಬೇಸಿನ ಒಳಗೆ ನೇರವಾಗಿ ಇಳಿದು ತಪ್ಪಿದ ಬೆಲೆ ತಿದ್ದಲು, ಎರಡು ಸಲ ಬಿದ್ದ ಸೀರೆಯನ್ನು ಒಂದು ಮಾಡಲು, ವಾರಕ್ಕೊಮ್ಮೆ ಪ್ರತಿ ತೆಗೆದಿಡಲು ಅದು ಬೇಕು. ಪ್ರೋಗ್ರಾಮು ಅಂಗಡಿಯ ಮುಂಬಾಗಿಲಾದರೆ ಟೂಲ್ ಹಿತ್ತಲ ಬಾಗಿಲು. ಎರಡೂ ಒಂದೇ ಕಂಪ್ಯೂಟರಿನಲ್ಲಿ, ಪಿಎಚ್‌ಪಿ ಎಂಬ ಒಂದೇ ತಳಪಾಯದ ಮೇಲೆ ನಿಂತಿದ್ದವು. ಯಾವ ಆವೃತ್ತಿಗೆ ಯಾವುದು ಹೊಂದುತ್ತದೆ ಎಂದು ನೋಡಿ ನೋಡಿ ಕೂಡಿಸಿದ್ದೆ. ಮೂರು ವರ್ಷ ಒಂದು ದಿನವೂ ತಕರಾರು ಮಾಡಿರಲಿಲ್ಲ.

ಆಗ ಅಂಗಡಿಗೆ ಅಳಿಯ ಬಂದ. ಸಾವ್ಕಾರರ ಒಬ್ಬಳೇ ಮಗಳ ಗಂಡ. ಅವನೂ ಕಂಪ್ಯೂಟರ್ ಓದಿದವನೇ, ದಡ್ಡನಲ್ಲ. ಆದರೆ ಮಾವನ ಮನೆಯಲ್ಲಿ ಏನಾದರೂ ಮಾಡಿ ತೋರಿಸಬೇಕೆಂಬ ಅವಸರ ಇತ್ತು. ಅವಸರಕ್ಕೆ ಸರಿಯಾಗಿ ಮಹಾನವಮಿ ಬಂತು.

ನಮ್ಮಲ್ಲಿ ಮಹಾನವಮಿ ಎಂದರೆ ಮೊದಲು ತೊಳೆಯುವ ಹಬ್ಬ. ಮನೆಯ ಕೌದಿ, ಹಾಸಿಗೆಗಳೆಲ್ಲ ಹಳ್ಳಕ್ಕೆ ಹೋಗುತ್ತವೆ, ಅಟ್ಟದ ಮೇಲಿನ ಪಾತ್ರೆ ಇಳಿಯುತ್ತವೆ. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕುಡುಗೋಲು, ಕತ್ತರಿ, ತಕ್ಕಡಿ ತೊಳೆದು ಇಡಬೇಕು. ಅಂಗಡಿಯಲ್ಲಿ ಈ ಹಬ್ಬದ ಯಜಮಾನಿಕೆ ಸಾವ್ಕಾರರ ಅವ್ವನದು. ಆ ಮುದುಕಿ ಗಾದಿಯ ಮೂಲೆಯಲ್ಲಿ ಕೂತು, "ಹಳೇದು ಏನೂ ಉಳೀಬಾರದು ನೋಡ್ರಿ, ಎಲ್ಲಾ ಹೊಸಾದಾಗಬೇಕು" ಎಂದು ಆಳುಗಳಿಗೆ ಹೇಳುತ್ತಿದ್ದರು. ಅಳಿಯ ಆ ಮಾತನ್ನು ಕಂಪ್ಯೂಟರಿಗೂ ಹಚ್ಚಿದ. ಒಳಕೋಣೆಗೆ ಹೋಗಿ ಟೂಲನ್ನು ಹೊಸ ಆವೃತ್ತಿಗೆ ಏರಿಸಿದ. ಹೊಸ ಟೂಲ್ ಹೊಸ ಪಿಎಚ್‌ಪಿ ಕೇಳಿತು, ಅದನ್ನೂ ಏರಿಸಿದ. ಹಳೆಯದನ್ನೆಲ್ಲ ಕಸವೆಂದು ಅಳಿಸಿದ. ಕೌದಿ ಒಗೆದಷ್ಟೇ ಪುಣ್ಯದ ಕೆಲಸ ಎಂದುಕೊಂಡಿರಬೇಕು. ಮುದುಕಿ ಒಳಗೆ ಬಂದು ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂವಿನ ಸರ ಹಾಕಿದರು. ಆರತಿಯ ಹೊತ್ತಿಗೆ ಪರದೆಯ ತುಂಬ ಕೆಂಪು ಅಕ್ಷರಗಳು ಎದ್ದವು.

ಆರತಿಗೆ ನಾನೂ ಹೋಗಿದ್ದೆ. ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದೆ. ಸಾವ್ಕಾರರು ಏನಾಯಿತು ಎಂದು ಕೇಳಿದಾಗ ಅಳಿಯ ನನ್ನ ಕಡೆ ನೋಡಲೂ ಇಲ್ಲ.

"ಅಕ್ಕಾರು ಬರದುಕೊಟ್ಟ ಪ್ರೋಗ್ರಾಮು ಭಾಳ ಹಳೇದಾಗೇತ್ರಿ ಮಾವಾರ. ಅದಕ್ಕ ತಡಕೊಳ್ಳಾಕ ಆಗವಲ್ದು" ಎಂದ.

ನಾನು ತಟ್ಟೆ ಕೆಳಗಿಟ್ಟು, ನೋಡುತ್ತೇನೆ ಎಂದು ಮುಂದೆ ಹೋದೆ. ಮುದುಕಿ ಅಡ್ಡ ಕೈ ಹಿಡಿದರು. ಪೂಜೆಗೆ ಕೂತದ್ದನ್ನು ಮುಟ್ಟಬಾರದು, ಮರುದಿನದ ತನಕ ಅದಕ್ಕೆ ವಿಶ್ರಾಂತಿ. ಅಷ್ಟೇ ಹೇಳಿದ್ದರೆ ಪದ್ಧತಿ ಎಂದು ಸುಮ್ಮನಾಗುತ್ತಿದ್ದೆ. ಅವರು ಮುಂದುವರಿಸಿದರು.

"ಹಬ್ಬದ ದಿನ ನೆತ್ತರದಂಗ ಅಕ್ಷರ ಬಂದಾವು. ಈಕಿ ಕೈಗುಣಾನ ಛಲೋ ಇಲ್ಲ. ಇನ್ನ ಈಕಿ ಕೈ ಹಚ್ಚೂದು ಬ್ಯಾಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ ಬರೆ ಬಿತ್ತು. ಅಳಿಯ ನೆಲ ನೋಡುತ್ತ ನಿಂತಿದ್ದ. ಅವನು ಬಾಯಿ ತೆರೆದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಹಬ್ಬದ ಮರುದಿನ ಹುಬ್ಬಳ್ಳಿಯಿಂದ ಒಬ್ಬರನ್ನು ಕರೆಸಿದರು. ಅವರು, ನಾನೇ ತೆಗೆದಿಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ಮೊದಲಿನ ಹಾಗೆ ಮಾಡಿ ಹೋದರು. ಅವರ ಕೈಗುಣ ಬಹಳ ಒಳ್ಳೆಯದಂತೆ.

ಅಲ್ಲಿಂದ ಮುಂದಿನದನ್ನು ಬಿಡಿಸಿ ಹೇಳುವುದೇನಿದೆ. ಮುಂಡರಗಿಯ ಎಣ್ಣೆ ವ್ಯಾಪಾರಿ ಈ ಸಾವ್ಕಾರರ ಹಳೆಯ ದೋಸ್ತರು. ದೀಪಾವಳಿಯ ಲಕ್ಷ್ಮೀ ಪೂಜೆಗೆ ಮೊದಲು, "ಸದ್ಯಕ್ಕ ಬ್ಯಾಡ ಬಿಡವಾ, ನೋಡೂಣಂತ" ಎಂದರು. ಶಿರಹಟ್ಟಿಯವರು ಫೋನು ಎತ್ತುವುದನ್ನೇ ಬಿಟ್ಟರು. ಲಕ್ಷ್ಮೇಶ್ವರದ ಕಾಳಿನ ಅಂಗಡಿಯವರು ಸಂಭಾವಿತರು, ನನ್ನನ್ನು ಕೂರಿಸಿ ಚಹಾ ಕೊಟ್ಟು, ತಮ್ಮ ಹೆಂಡತಿಗೆ ಮನಸ್ಸಿಲ್ಲ ಎಂದರು. ನಾನು ಆ ಚಹಾ ಕುಡಿದು, ಬಸ್ ನಿಲ್ದಾಣದ ತನಕ ನಡೆದು, ಅಲ್ಲಿ ಕೂತು ಅತ್ತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನನ್ನದು ಅಡಿಕೆಗೂ ಹೋಗಿರಲಿಲ್ಲ, ಅಳಿಯ ಒತ್ತಿದ ಒಂದು ಗುಂಡಿಗೆ ಹೋಗಿತ್ತು.

ಒಂದು ವರ್ಷ ನಾನು ಆ ಮುದುಕಿಯನ್ನೂ ಅಳಿಯನನ್ನೂ ಮನಸ್ಸಿನಲ್ಲಿ ಬೈದಷ್ಟು ಯಾವ ದೇವರ ನಾಮವನ್ನೂ ಜಪಿಸಿಲ್ಲ. ರೊಟ್ಟಿ ಬಡಿಯುವಾಗ ಬೈಯುತ್ತಿದ್ದೆ. ಹಿಟ್ಟು ಮೆತ್ತಗಾಗಿ ರೊಟ್ಟಿ ಚೆನ್ನಾಗಿ ಬರುತ್ತಿತ್ತು, ಅದೊಂದು ಲಾಭ. ಅವರಿಗೆ ಕೆಟ್ಟದ್ದಾಗಲಿ ಎಂದು ಬಯಸಿದೆನೇ ಎಂದು ಕೇಳಿದರೆ, ಹೌದು, ಬಯಸಿದೆ.

ಮರುವರ್ಷದ ಮಹಾನವಮಿಯ ಬೆಳಿಗ್ಗೆ ಸಾವ್ಕಾರರ ಫೋನು ಬಂತು. ಹೆಸರು ನೋಡಿದಾಗಲೇ ನನಗೆ ತಿಳಿಯಿತು. ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದೆ, ಒಲೆ ಸಣ್ಣ ಮಾಡಿ ಮಾತಾಡಿದೆ.

"ಆರಾಮ ಇದ್ದಿಯೇನವಾ ತಂಗಿ?"

"ಆರಾಮರಿ ಸಾವ್ಕಾರ್ರ. ಪೂಜಿ ಆತೇನ್ರಿ?"

"ಪೂಜಿ ಆತು. ಆದ್ರ ಆ ಕಂಪ್ಯೂಟರ್ ಮತ್ತ ಹಂಗ ಮಾಡಾಕ ಹತ್ತೇತಿ. ಬಿಲ್ಲು ಬರವಲ್ದು, ಆ ಇನ್ನೊಂದು ಪುಟ ಬರೇ ಬೆಳ್ಳಗ ಕಾಣತೈತಿ. ಹುಬ್ಬಳ್ಳ್ಯಾಂವ ಊರಾಗ ಇಲ್ಲಂತ. ನಾಳಿ ಸಂಜಿಗೆ ಅಂಗಡಿ ತಗೀಬೇಕು, ಸೀರಿ ರೇಟು ಒಂದೂ ಯಾರಿಗೂ ಗೊತ್ತಿಲ್ಲ."

ಅಳಿಯ ಈ ವರ್ಷವೂ ಮಹಾನವಮಿಗೆ ಕಂಪ್ಯೂಟರ್ ತೊಳೆದಿದ್ದ.

"ನನ್ನ ಕೈಗುಣ ಛಲೋ ಇಲ್ಲಲ್ರಿ" ಎಂದೆ.

"ಅವ್ವ ವಯಸ್ಸಾದಾಕಿ, ಏನೋ ಅಂದಾಳ. ಮನಸಿಗೆ ಹಚ್ಕೋಬ್ಯಾಡ. ಎಷ್ಟು ರೊಕ್ಕ ಆದ್ರೂ ಕೊಡ್ತೀನಿ."

"ರೊಕ್ಕ ಬ್ಯಾಡ್ರಿ. ನಾಳಿ ಸಂಜಿಕ ಅಂಗಡಿ ತಗದಾಗ ಮೊದಲನೇ ಬೋಣಿಗಿ ನನ್ನ ಕೈಲೆ ಆಗಬೇಕು. ಎಲ್ಲಾರ ಮುಂದ."

ಬೋಣಿಗೆ ಎಂದರೆ ಅಂಗಡಿಗೆ ಬರುವ ಮೊದಲ ರೊಕ್ಕ. ವಿಜಯದಶಮಿಯ ಬೋಣಿಗೆ ಎಂದರೆ ಇಡೀ ವರ್ಷದ ವ್ಯಾಪಾರದ ಬೋಣಿಗೆ. ಅದಕ್ಕಾಗಿ ಒಳ್ಳೆಯ ಕೈಗುಣದ ಮನುಷ್ಯರನ್ನು ಹುಡುಕಿ, ಕರೆದು ಕೂರಿಸುತ್ತಾರೆ. ಹಣ ಕೇಳಿದ್ದರೆ ಸಾವ್ಕಾರರು ಚೌಕಾಶಿ ಮಾಡದೆ ಕೊಡುತ್ತಿದ್ದರು. ಇದಕ್ಕೆ ಬಹಳ ಹೊತ್ತು ಕೆಮ್ಮಿದರು. ಕೊನೆಗೆ, "ಆತು, ಬಾ" ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾನು ಹೋಳಿಗೆ ಉಂಡೇ ಹೊರಟೆ, ಅವಸರ ಮಾಡಲಿಲ್ಲ.

ಅಂಗಡಿಯಲ್ಲಿ ಕಂಪ್ಯೂಟರ್ ಆಗಲೇ ಹೂವು ವಿಭೂತಿ ಹಚ್ಚಿಕೊಂಡು ಕೂತಿತ್ತು. ಮುದುಕಿ ಒಳಕೋಣೆಯ ಬಾಗಿಲಲ್ಲೇ ಮಣೆ ಹಾಕಿಕೊಂಡಿದ್ದರು. ಮುಟ್ಟುವಂತಿಲ್ಲ ಎಂದರು. ಮುಟ್ಟುವುದಿಲ್ಲ ಎಂದೆ. ಹೊರಗೆ ಗಾದಿಯ ಮೇಲೆ ಕೂತು ನನ್ನ ಲ್ಯಾಪ್‌ಟಾಪ್ ತೆರೆದು, ಅಂಗಡಿಯ ವೈಫೈ ಮೂಲಕ ಆ ಕಂಪ್ಯೂಟರಿನ ಒಳಗೆ ಹೋದೆ. ಅದರ ಹೂವು ಅಲುಗಲಿಲ್ಲ. ಮುದುಕಿ ಬಹಳ ಹೊತ್ತು ನನ್ನ ಯಂತ್ರವನ್ನೇ ನೋಡಿದರು.

"ನಿನ್ನದಕ್ಕ ಪೂಜಿ ಮಾಡಿಲ್ಲೇನು?"

"ಇಲ್ರಿ. ಒಂದು ವರ್ಷದಿಂದ ಅದಕ್ಕ ಕೆಲಸಾನ ಇಲ್ಲ, ಪೂಜಿ ಯಾಕ?"

ಅಳಿಯ ದೂರದ ಕಪಾಟಿನ ಬಳಿ ಸೀರೆ ಮಡಚುತ್ತಿದ್ದ. ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಏನೇನು ಮಾಡಿದೆ, ಯಾವುದರ ನಂತರ ಯಾವುದು, ಎಂದು ಎಲ್ಲರಿಗೂ ಕೇಳುವ ದನಿಯಲ್ಲಿ ಕೇಳಿದೆ. ರಿಪೇರಿಗೆ ಆ ಪ್ರಶ್ನೆಗಳು ಬೇಕೇ ಇದ್ದವು. ಆದರೆ ಅಷ್ಟು ದೊಡ್ಡ ದನಿ ಬೇಕಿರಲಿಲ್ಲ, ಅದು ನನ್ನ ಸಂತೋಷಕ್ಕೆ.

"ಟೂಲ್ ಅಪ್ಡೇಟ್ ಮಾಡಿದೆ ಅಕ್ಕಾರ. ಅದು ಹೊಸ ಪಿಎಚ್‌ಪಿ ಕೇಳ್ತು."

"ಕೇಳ್ತು, ಕೊಟ್ರಿ. ಆಮ್ಯಾಲೆ?"

"ಚೀಟಿ ಪ್ರಿಂಟ್ ಆಗೂದು ನಿಂತ್ತು. ಅದರ ಲೈಬ್ರರಿನೂ ಹೊಸಾದು ಹಾಕಿದೆ. ಒಲ್ಲೆ ಅಂತು. ಜಬರದಸ್ತಿ ಹಾಕಿದೆ."

"ಹೋದ ವರ್ಷಾನೂ ಹಿಂಗ ಮಾಡಿದ್ರೇನು?"

ಅವನು ಮುದುಕಿಯ ಕಡೆ ನೋಡಿದ, ಮಾವನ ಕಡೆ ನೋಡಿದ. "ಹೌದ್ರಿ" ಎಂದ, ಗಂಟಲಲ್ಲೇ. ಸಾವ್ಕಾರರಿಗೆ ಕೇಳಿಸಿತು. ಮುದುಕಿಗೂ ಕೇಳಿಸಿತು, ಆದರೆ ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

ತೊಂದರೆ ಇದ್ದದ್ದು ಇಷ್ಟು. ಟೂಲಿಗೂ ನನ್ನ ಪ್ರೋಗ್ರಾಮಿಗೂ ಒಂದೇ ಲೈಬ್ರರಿ ಬೇಕು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಗಂಟು. ಆದರೆ ಟೂಲಿನ ಹೊಸ ಆವೃತ್ತಿಗೆ ಆ ಲೈಬ್ರರಿಯ ಹೊಸದು ಬೇಕು, ಚೀಟಿ ಮುದ್ರಿಸುವ ಭಾಗಕ್ಕೆ ಹಳೆಯದೇ ಬೇಕು. ಅಳಿಯ ಜಾಗ ಉಳಿಸಲು ಎರಡನ್ನೂ ಒಂದೇ ಫೋಲ್ಡರಿಗೆ ತುರುಕಿದ್ದ. ಒಂದನ್ನು ಹಾಕಿದರೆ ಇನ್ನೊಂದು ಬೀಳುತ್ತಿತ್ತು. ಮದುವೆಯಲ್ಲಿ ಗಂಡಿನವರೂ ಹೆಣ್ಣಿನವರೂ ಒಂದೇ ಕೋಣೆಯಲ್ಲಿ ಇಳಿದುಕೊಂಡರೆ ಜಗಳ ತಪ್ಪುವುದಿಲ್ಲ, ಇಬ್ಬರಿಗೂ ಬೇರೆ ಬೇರೆ ಮನೆ ಕೊಡಬೇಕು. ಮೊದಲು ಒಟ್ಟು ಡಾಟಾಬೇಸಿನ ಒಂದು ಪ್ರತಿ ತೆಗೆದುಕೊಂಡೆ. ಹಳೆಯ ಪಿಎಚ್‌ಪಿಯನ್ನು ಮತ್ತೆ ತಂದು ಪ್ರೋಗ್ರಾಮಿಗೆ ಕೊಟ್ಟೆ. ಹೊಸದನ್ನು ಟೂಲಿಗೆ ಮಾತ್ರ ಬಿಟ್ಟೆ. ಇಬ್ಬರ ಲೈಬ್ರರಿಗಳನ್ನೂ ಬೇರೆ ಮಾಡಿದೆ.

ಬಿಲ್ಲು ಬಂತು. ಟೂಲ್ ಮಾತ್ರ ಬೆಳ್ಳಗೇ ಇತ್ತು. ಅಲ್ಲಿ ನನಗೂ ಬೆವರು ಬಂತು, ಸುಳ್ಳು ಹೇಳುವುದಿಲ್ಲ. ಅದರ ಹಳೆಯ ತಾತ್ಕಾಲಿಕ ಕಡತಗಳನ್ನು ಅಳಿಸಿದೆ, ಬ್ರೌಸರಿನ ನೆನಪು ತೆಗೆದೆ, ಆಗಲಿಲ್ಲ. ತಪ್ಪುಗಳನ್ನು ತೋರಿಸು ಎಂದು ಅದಕ್ಕೆ ಹೇಳಿದ ಮೇಲೆ ಒಂದು ಸಾಲು ಬಂತು. ಹೊಸ ಪಿಎಚ್‌ಪಿಯ ಜೊತೆ ಬರಬೇಕಿದ್ದ, ಕನ್ನಡದಂಥ ಅಕ್ಷರಗಳನ್ನು ಓದಿಸುವ ಒಂದು ತುಣುಕನ್ನು ಅಳಿಯ ಹಾಕಿಯೇ ಇರಲಿಲ್ಲ. ಹಾಕಿದೆ. ಪುಟ ತೆರೆಯಿತು. ಎಡಗಡೆ ನಾನು ಹೆಸರಿಟ್ಟ ಕೋಷ್ಟಕಗಳು ಸಾಲಾಗಿ ನಿಂತಿದ್ದವು.

ಅವುಗಳನ್ನು ನೋಡುತ್ತ ನಾನು ಕೈ ಕಟ್ಟಿ ಕೂತೆ. ಆ ಟೂಲಿನಲ್ಲಿ ಒಂದು ಕೋಷ್ಟಕವನ್ನು ಖಾಲಿ ಮಾಡಲು ಒಂದೇ ಗುಂಡಿ. ಖಚಿತವೇ ಎಂದು ಒಂದು ಸಲ ಕೇಳುತ್ತದೆ, ಅಷ್ಟೇ. ಅವರ ಅಂಗಡಿಯ ಪ್ರತಿ ಸೀರೆಯೂ ನನ್ನ ಬೆರಳ ಕೆಳಗಿತ್ತು. ನಾನು ಒತ್ತಲಿಲ್ಲ. ದೊಡ್ಡ ಮನಸ್ಸಿನಿಂದ ಅಲ್ಲ. ಒತ್ತಿದ್ದರೆ ಮುದುಕಿಯ ಮಾತು ನಿಜವಾಗುತ್ತಿತ್ತು. ಅವರ ಮಾತನ್ನು ನಿಜ ಮಾಡುವಷ್ಟು ಉಪಕಾರ ನಾನು ಮಾಡಲಾರೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

ವಿಜಯದಶಮಿಯ ಸಂಜೆ ದೊಡ್ಡ ಅಂಚಿನ ಸೀರೆ ಉಟ್ಟು ಹೋದೆ. ಸೆರಗಿನ ತುಂಬ ಬನ್ನಿ ಎಲೆ ಕಟ್ಟಿಕೊಂಡಿದ್ದೆ, ಆ ಸಂಜೆ ಎಲ್ಲರ ಸೆರಗಿನಲ್ಲೂ ಕಿಸೆಯಲ್ಲೂ ಬನ್ನಿಯೇ. ಸಾವ್ಕಾರರು ಬಾಗಿಲಿಗೆ ಕಾಯಿ ಒಡೆದು ಅಂಗಡಿ ತೆರೆದರು. ನಾನು ಕುಪ್ಪಸಕ್ಕೆ ಒಂದು ಖಣ ಆರಿಸಿದೆ. ಅಳಿಯ ಅಳೆದು ಕತ್ತರಿಸಿದ, ಯಂತ್ರ ಬಿಲ್ಲು ಕೊಟ್ಟಿತು, ನಾನು ನೋಟು ಕೊಟ್ಟೆ. ಸಾವ್ಕಾರರು ಅದನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲೆಗೆ ಹಾಕಿದರು. ಆಳುಗಳೆಲ್ಲ ನೋಡಿದರು. ನನ್ನ ಎದೆ ತಣ್ಣಗಾಯಿತು.

ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋಗಿರಬಹುದು, ಖಣದ ಪೊಟ್ಟಣವನ್ನು ಗಾದಿಯ ಮೇಲೇ ಬಿಟ್ಟದ್ದು ನೆನಪಾಯಿತು. ತಿರುಗಿ ಬಂದೆ. ಗಲ್ಲೆ ತೆರೆದಿತ್ತು. ನನ್ನ ನೋಟನ್ನು ತೆಗೆದು ಹೊಸ್ತಿಲಾಚೆ ಒಂದು ಕಾಗದದ ಮೇಲೆ ಇಟ್ಟಿದ್ದರು, ಗಲ್ಲೆಯ ಸುತ್ತ ನೀರು ಚಿಮುಕಿಸಿದ್ದರು. ಸಾವ್ಕಾರರ ಮಗಳು ಕೈಯಲ್ಲಿ ಹೊಸ ನೋಟು ಹಿಡಿದು ಎದುರಿಗೆ ನಿಂತಿದ್ದಳು. ಮುದುಕಿ ಕರ್ಪೂರ ಹಚ್ಚುತ್ತಿದ್ದರು. ಬೋಣಿಗೆ ಎರಡನೆಯ ಸಲ ನಡೆಯುತ್ತಿತ್ತು.

ಸಾವ್ಕಾರರು ನನ್ನನ್ನು ಕಂಡು ಎದ್ದರು. "ಅವ್ವನ ಸಮಾಧಾನಕ್ಕ, ತಂಗಿ" ಎಂದರು.

"ಮಾಡ್ರಿ, ಮಾಡ್ರಿ. ನಾ ಇಲ್ಲೇ ಇರ್ತೀನಿ."

ಹೋಗಿ ಅಂಗಡಿಯ ಹೊಸ್ತಿಲ ಪಕ್ಕ ನಿಂತೆ. ಸೆರಗು ಬಿಚ್ಚಿ ಬನ್ನಿ ಕೈಗೆ ತೆಗೆದುಕೊಂಡೆ. ಆ ದಿನ ಎದುರಾದವರಿಗೆ ಬನ್ನಿ ಕೊಡಬೇಕು, ಕೊಟ್ಟದ್ದನ್ನು ವೈರಿಯಾದರೂ ಒಲ್ಲೆ ಎನ್ನಬಾರದು. ಬಾಗಿಲಲ್ಲಿ ನಿಂತು ಬನ್ನಿ ಕೊಡುವವಳನ್ನು ಯಾವ ಸಾವ್ಕಾರನೂ ಹೊರಗೆ ಕಳಿಸಲಾರ. ಸೀರೆ ಕೊಳ್ಳಲು ಬಂದ ಪ್ರತಿಯೊಬ್ಬರೂ ನನ್ನ ಕೈಯ ಎಲೆ ಹಿಡಿದೇ ಒಳಗೆ ಹೋದರು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ನಾನು, "ಬಂಗಾರದಂಗ ಇರೂಣವಾ" ಎಂದು ಅವರು. ಎರಡನೆಯ ಬೋಣಿಗೆ ನೀರಿನಲ್ಲಿ ಮಾಡಿದ ಹೋಮವಾಯಿತು. ಒಳಗಿನಿಂದ ಮುದುಕಿ ನನ್ನ ಕೈಯನ್ನೇ ನೋಡುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ವ್ಯಾಪಾರಿಗಳು ಸಾವ್ಕಾರರಿಗೆ ಬನ್ನಿ ಕೊಡಲು ಬಂದರು. ಮುಂಡರಗಿಯ ಎಣ್ಣೆ ವ್ಯಾಪಾರಿ ಮುಂದೆ, ಲಕ್ಷ್ಮೇಶ್ವರದ ಕಾಳಿನ ಅಂಗಡಿಯವರು ಹಿಂದೆ. ನಾನು ಕೈ ಚಾಚಿದೆ. ಎಣ್ಣೆ ವ್ಯಾಪಾರಿಯ ಕೈ ಅರ್ಧಕ್ಕೆ ಬಂದು ನಿಂತಿತು. ಅವರು ನನ್ನ ತಲೆಯ ಮೇಲಿಂದ ಒಳಗೆ ನೋಡಿ ಕೇಳಿದರು.

"ಅವ್ವಾರ, ಈಕಿ ಕೈಲೆ ಬನ್ನಿ ತಗೋಬಹುದಲ್ರಿ?"

ಗಿರಾಕಿಗಳು ತಿರುಗಿ ನೋಡಿದರು, ಅವರ ಕೈಯಲ್ಲೆಲ್ಲ ನನ್ನ ಎಲೆಗಳೇ ಇದ್ದವು. ಬೇಡ ಎಂದರೆ ಅಷ್ಟೂ ಜನರ ಎಲೆ ಕೆಟ್ಟದ್ದಾಗುತ್ತದೆ, ವ್ಯಾಪಾರವೂ ಅಲ್ಲಿಗೇ ಎದ್ದು ಹೋಗುತ್ತದೆ. ಮುದುಕಿ ಗೋಡೆ ಹಿಡಿದು ಎದ್ದರು, ನಿಧಾನವಾಗಿ ಬಾಗಿಲ ತನಕ ಬಂದರು.

"ತಗೋರಿ" ಎಂದರು. "ಆಕಿ ಕೈಗೆ ಏನಾಗೇತಿ?"

ಎಣ್ಣೆ ವ್ಯಾಪಾರಿ ತೆಗೆದುಕೊಂಡರು. ಕಾಳಿನ ಅಂಗಡಿಯವರು ತೆಗೆದುಕೊಂಡರು, ದೀಪಾವಳಿಗೆ ಮೊದಲು ಒಮ್ಮೆ ಬಂದು ಹೋಗು ಎಂದೂ ಅಂದರು. ಇನ್ನು ಉಳಿದವರು ಮುದುಕಿ. ಹಿರಿಯರಿಗೆ ಬನ್ನಿ ಕೊಟ್ಟು ಕಿರಿಯರು ಕಾಲು ಮುಟ್ಟುವುದು ಪದ್ಧತಿ. ಅವರು ರೂಢಿಯಂತೆ ಆಶೀರ್ವಾದಕ್ಕೆ ಒಂದು ಕೈ ಎತ್ತಿ ಕಾದರು. ನಾನು ಅವರ ಇನ್ನೊಂದು ಕೈಯಲ್ಲಿ ಎಲೆ ಇಟ್ಟೆ, ನೆಟ್ಟಗೆ ನಿಂತೆ. ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ತಾನೇ ಇಳಿಯಿತು. ಅವರಿಗೆ ಎಂಬತ್ತು ದಾಟಿತ್ತು, ಮೊಣಕಾಲು ನಡುಗುತ್ತಿತ್ತು, ಅದು ನನಗೆ ಕಂಡಿತು. ಆದರೂ ನಾನು ಬಾಗಲಿಲ್ಲ.